ಕೇಳಿದ ಪ್ರಶ್ನೆ ಯಾವ ಬಗೆಯದು?

ಮಾವಿನ ಮರಗಳ ವಿಚಾರವನ್ನು ಕೇಳಿದರೆ ಕೋವಿದಾರದ ಮರಗಳನ್ನು ವರ್ಣಿಸಿದವನೊಬ್ಬನ ದೃಷ್ಟಾಂತವು ಸಂಸ್ಕೃತ ವೈಯಾಕರಣರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೋವಿದಾರವೆಂದರೆ ನಾವು ಮಂದಾರವೆಂದು ಕರೆಯುವ ಹೂವಿನ ಮರ. ಆತನು ಸುಳ್ಳು ಹೇಳಿದನೆಂದು ಯಾರೂ ಹೇಳುವುದಿಲ್ಲ; ಮಂದಾರದ ಎಲೆ, ಹೂ, ಕಾಯಿ ಎಲ್ಲವನ್ನೂ ಸರಿಯಾಗಿಯೇ ಹೇಳಿರಬಹುದು. ಆದರೂ ಅದು ಉತ್ತರವಾಗಲಿಲ್ಲ. ಏಕೆಂದರೆ ಕೇಳಿದುದು ಅದಲ್ಲ. ಈಗಿನ ನಮ್ಮ ಮಕ್ಕಳು ಬರೆಯುವ ತರ್ಕಪರೀಕ್ಷೆಗಳಲ್ಲಿ ಅಂಕಗಳು ಕೈತಪ್ಪಿ ಹೋಗುವ ಬಗೆಯನ್ನು ನೋಡಿದಾಗಲೆಲ್ಲ ನನಗೆ ಈ ಮಂದಾರದ ಮರವು ನೆನಪಿಗೆ ಬರುತ್ತದೆ.

ವಾಚಕರಲ್ಲಿ ಕೆಲವರ ಮನೆಗಳಲ್ಲಿ ಇಂತಹ ಪರೀಕ್ಷೆಯೊಂದರ ಸಿದ್ಧತೆಯು ನಡೆಯುತ್ತಿರಬಹುದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳನ್ನು ಸೇರಬಯಸುವವರಿಗಾಗಿ ೨೦೦೮ರಿಂದ ನಡೆದುಬಂದಿರುವ ‘ಕ್ಲಾಟ್’ ಎಂಬ ಪ್ರವೇಶ ಪರೀಕ್ಷೆಯು ಈ ಜಾತಿಯದು. ಅಂತಹ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದು ೧೯೮೮ರಲ್ಲಿ ತರಗತಿಗಳನ್ನು ತೊಡಗಿದುದು ನಮ್ಮ ಬೆಂಗಳೂರಿನಲ್ಲಿಯೇ. ೨೦೨೦ರಲ್ಲಿ ಈ ಪರೀಕ್ಷೆಯ ರೂಪವು ಬದಲಾಯಿತು. ಬಿಡಿಬಿಡಿಯಾದ ಪ್ರಶ್ನೆಗಳು ಹೋಗಿ, ಒಂದೊಂದು ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಹಲವು ಪ್ರಶ್ನೆಗಳನ್ನು ಕೇಳುವ ಪದ್ಧತಿಯು ಬಂದಿತು. ೨೦೨೪ರ ಸಾಲಿನ ಪರೀಕ್ಷೆಯಿಂದ ಒಟ್ಟು ಪ್ರಶ್ನೆಗಳು ೧೨೦, ಕಾಲಾವಧಿಯು ೧೨೦ ನಿಮಿಷ. ಪ್ರಶ್ನೆಗಳಲ್ಲಿ ತರ್ಕಕ್ಕೆ ಸೇರಿದವು ೨೨ರಿಂದ ೨೬. ಪ್ರತಿಯೊಂದಕ್ಕೂ ನಾಲ್ಕು ವಿಕಲ್ಪಗಳು. ಸರಿಯಾದರೆ ೧ ಅಂಕ, ತಪ್ಪಾದರೆ ಕಾಲು ಅಂಕದ ಕಡಿತ. ಅಮೆರಿಕಾ ದೇಶದಲ್ಲಿ ಇದೇ ಉದ್ದೇಶಕ್ಕಾಗಿ ‘ಎಲ್‌ಸ್ಯಾಟ್’ ಎಂಬ ಪರೀಕ್ಷೆಯು ೧೯೪೮ರಿಂದಲೂ ನಡೆಯುತ್ತಿದೆ. ೨೦೨೪ರ ಆಗಸ್ಟಿನಿಂದ ಅದರಲ್ಲಿ ಅಂಕಕ್ಕೆ ಗಣನೆಯಾಗುವ ಮೂರು ಭಾಗಗಳಲ್ಲಿ ಎರಡು ತರ್ಕಕ್ಕೇ ಮೀಸಲಾಗಿವೆ. ಅಲ್ಲಿಯ ಗದ್ಯಭಾಗಗಳು ಚಿಕ್ಕವು, ಇಲ್ಲಿಯವು ದೊಡ್ಡವು. ಪ್ರಶ್ನೆಗಳ ಬಗೆಗಳು ಮಾತ್ರ ಬಹುಮಟ್ಟಿಗೆ ಒಂದೇ.

ಈ ಭಾಗದಲ್ಲಿ ಅಂಕವು ಕಡಿಮೆಯಾದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: “ಮಗುವಿಗೆ ತರ್ಕಬುದ್ಧಿ ಸಾಲದು.” ಚರಿತ್ರೆಯಲ್ಲಿ ಅಂಕ ಬಾರದಿದ್ದರೆ ‘ಓದಲಿಲ್ಲ’ ಎನ್ನುತ್ತೇವೆ, ತರ್ಕದಲ್ಲಿ ಬಾರದಿದ್ದರೆ ‘ಬುದ್ಧಿಯಿಲ್ಲ’ ಎನ್ನುತ್ತೇವೆ. ಮೊದಲನೆಯದು ತಿದ್ದಿಕೊಳ್ಳಬಹುದಾದ ಕುಂದು; ಎರಡನೆಯದು ಹಣೆಯ ಬರಹವೆಂಬಂತೆ ಮಗುವಿನ ಮೇಲೆ ನಿಂತುಬಿಡುತ್ತದೆ. ನಮ್ಮ ನೆರೆಯಲ್ಲಿ ಒಂದು ಕಿರಾಣಿ ಅಂಗಡಿಯವರ ಮಗಳು ಇದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಕ್ಲಾಟ್ ಪರೀಕ್ಷೆಯಾದರೋ ಇಂಗ್ಲಿಷಿನಲ್ಲಿ ಮಾತ್ರ ನಡೆಯತಕ್ಕದ್ದು. ಆಕೆ ಸೇರಿದ್ದ ತರಬೇತಿ ತರಗತಿಯಲ್ಲಿ, ಎರಡು ಮೂರು ಅಭ್ಯಾಸಪರೀಕ್ಷೆಗಳ ತರುವಾಯ, ಇದು ಹುಟ್ಟಿನಿಂದ ಬರತಕ್ಕ ಶಕ್ತಿ, ನಿನಗೆ ಒಗ್ಗದು ಎಂದು ಹೇಳಿದರಂತೆ. ಎರಡನೆಯ ಕಂತಿನ ಹಣವನ್ನು ಕಟ್ಟುವುದೋ ಬಿಡುವುದೋ ಎಂದು ತಂದೆಯು ಚಿಂತಿಸುತ್ತಿದ್ದ ದಿನಗಳಲ್ಲಿ ಆಕೆ ತನ್ನ ಉತ್ತರಪತ್ರಿಕೆಗಳನ್ನು ನನ್ನ ಬಳಿಗೆ ತಂದಳು.

ಆಕೆ ಎಷ್ಟು ತಪ್ಪಿದಳೆಂಬುದನ್ನು ನಾನು ಎಣಿಸಲಿಲ್ಲ. ತಪ್ಪಿದ ಕಡೆಯಲ್ಲಿ ಯಾವ ವಿಕಲ್ಪವನ್ನು ಆರಿಸಿದ್ದಳೆಂಬುದನ್ನು ಮಾತ್ರ ನೋಡುತ್ತ ಹೋದೆ. ಆಕೆ ಆರಿಸಿದ ವಾಕ್ಯಗಳು ಹೆಚ್ಚಾಗಿ ವಿವೇಕದ ವಾಕ್ಯಗಳೇ ಆಗಿದ್ದುವು. ಕೆಲವು ಲೋಕದಲ್ಲಿ ನಿಜವಾದ ಮಾತುಗಳು. ಆದರೆ ಗದ್ಯಭಾಗದಿಂದ ಹೊರಡತಕ್ಕವಲ್ಲ. ಕೆಲವು ಗದ್ಯಭಾಗದಿಂದ ಹೊರಡುವ ಮಾತುಗಳೇ. ಆದರೆ ಕೇಳಿದುದು ವಾದವನ್ನು ದುರ್ಬಲಗೊಳಿಸುವ ಮಾತನ್ನು. ಅಂದರೆ ಆಕೆಯ ಬುದ್ಧಿಯು ಓಡುತ್ತಿದ್ದಿತು, ಕೇಳದೆಯಿದ್ದ ಪ್ರಶ್ನೆಯ ಕಡೆಗೆ ಓಡುತ್ತಿದ್ದಿತು. ಇದು ಹುಟ್ಟಿನ ಕೊರತೆಯಲ್ಲ, ಕಲಿಸಬಹುದಾದ ವಿಷಯ. ಅದನ್ನು ಕಲಿಸುವ ಕ್ರಮವನ್ನು ಯಾವ ಗೃಹಸ್ಥರಾದರೂ ತಿಳಿಯಬಹುದಾದಷ್ಟು ಸರಳವಾಗಿ ಇಲ್ಲಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದುದು ಇಷ್ಟೆ. ಮುಂದೆ ಎರಡು ವಸ್ತುಗಳು ಇರುತ್ತವೆ: ಒಂದು ಗದ್ಯಭಾಗ, ಇನ್ನೊಂದು ವಿಕಲ್ಪಗಳು. ಯಾವುದನ್ನು ನಂಬಿ ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ಗೊತ್ತುಮಾಡತಕ್ಕದ್ದು ಪ್ರಶ್ನೆಯ ಬಗೆ. ಕೆಲವು ಪ್ರಶ್ನೆಗಳಲ್ಲಿ ಗದ್ಯಭಾಗವನ್ನು ನಂಬಿ ವಿಕಲ್ಪಗಳನ್ನು ಪರೀಕ್ಷಿಸಬೇಕು. ಕೆಲವುಗಳಲ್ಲಿ ವಿಕಲ್ಪವನ್ನೇ ನಿಜವೆಂದು ಒಪ್ಪಿ, ಅದರಿಂದ ಗದ್ಯಭಾಗದ ವಾದಕ್ಕೆ ಏನಾಗುವುದೆಂದು ನೋಡಬೇಕು. ಮತ್ತೆ ಕೆಲವುಗಳಲ್ಲಿ ನಂಬುವ ಮಾತೇ ಇಲ್ಲ. ವಾದದ ಕಟ್ಟಡವು ಹೇಗಿದೆಯೆಂಬುದನ್ನಷ್ಟೇ ಹೇಳಬೇಕು. ಈ ಮೂರನ್ನು ಬೆರಸಿಕೊಂಡವರಿಗೆ ಎಷ್ಟು ಬುದ್ಧಿಯಿದ್ದರೂ ಪ್ರಯೋಜನವಿಲ್ಲ.

ಒಂದೇ ಗದ್ಯಭಾಗವನ್ನು ಇಟ್ಟುಕೊಂಡು ಎಲ್ಲ ಪ್ರಶ್ನೆಗಳನ್ನೂ ಕೇಳಿ ನೋಡೋಣ. “ಒಂದು ಊರಿನಲ್ಲಿ ಕಳೆದ ವರ್ಷ ವಾಚನಾಲಯವನ್ನು ರಾತ್ರಿ ೯ ಗಂಟೆಯವರೆಗೆ ತೆರೆದಿಡಲು ತೊಡಗಿದರು. ಈ ವರ್ಷ ಆ ಊರಿನ ಪ್ರೌಢಶಾಲೆಯಿಂದ ತೇರ್ಗಡೆಯಾದವರ ಸಂಖ್ಯೆಯು ಕಳೆದ ವರ್ಷಕ್ಕಿಂತ ಹೆಚ್ಚಾಗಿದೆ. ಆದುದರಿಂದ ವಾಚನಾಲಯವನ್ನು ರಾತ್ರಿ ತೆರೆದಿಟ್ಟುದೇ ಈ ಏಳಿಗೆಗೆ ಕಾರಣ.” ಇದು ನಾನು ಕಟ್ಟಿದ ಮಾತು, ಆದರೆ ಇಂತಹ ಮಾತುಗಳು ದಿನವೂ ನಮ್ಮ ಕಿವಿಗೆ ಬೀಳುತ್ತವೆ.

ಮೊದಲನೆಯ ಪ್ರಶ್ನೆ: ಈ ವಾದದ ಸಾರವೇನು? ವಾದಿಯು ನಮ್ಮನ್ನು ಯಾವ ಮಾತಿಗೆ ಒಪ್ಪಿಸಲು ಹೊರಟಿದ್ದಾನೆ ಎಂಬುದೇ ಸಾರ. ನಮ್ಮ ತಾರ್ಕಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಅವಯವಗಳನ್ನು ಹೇಳಿರುವರಷ್ಟೆ. ಸಾರವೆಂದರೆ ಅವುಗಳಲ್ಲಿ ನಿಗಮನ. ಇಲ್ಲಿ ಕಡೆಯ ವಾಕ್ಯವೇ ನಿಗಮನ. ‘ಆದುದರಿಂದ’ ಎಂಬ ಮಾತು ಅದರ ಗುರುತು. ‘ಏಕೆಂದರೆ’ ಎಂಬುದು ಹೇತುವಿನ ಗುರುತು. ನಿಗಮನವು ಕಡೆಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಮೊದಲ ವಾಕ್ಯದಲ್ಲಿಯೇ ಬಂದಿರಬಹುದು.

ಎರಡನೆಯದು: ಇದರಿಂದ ಅವಶ್ಯವಾಗಿ ಫಲಿಸುವುದೇನು? ಇಲ್ಲಿ ಗದ್ಯಭಾಗವನ್ನು ನಂಬಬೇಕು; ವಿಕಲ್ಪಗಳನ್ನು ನಂಬಬಾರದು. “ಓದುವ ಅಭ್ಯಾಸವು ಮಕ್ಕಳಿಗೆ ಹಿತ” ಎಂಬ ವಿಕಲ್ಪವಿದ್ದರೆ ಅದು ಒಳ್ಳೆಯ ಮಾತೇ ಸರಿ. ಆದರೆ ಇಲ್ಲಿಂದ ಹೊರಟುದಲ್ಲ. “ತೇರ್ಗಡೆಯ ಪ್ರಮಾಣವು ಹೆಚ್ಚಿತು” ಎಂಬುದೂ ಫಲಿಸುವುದಿಲ್ಲ. ಕಳೆದ ವರ್ಷ ೪೦ ಮಂದಿ ಪರೀಕ್ಷೆಗೆ ಕುಳಿತು ೩೦ ಮಂದಿ ತೇರ್ಗಡೆಯಾಗಿ, ಈ ವರ್ಷ ೬೦ ಮಂದಿ ಕುಳಿತು ೩೬ ಮಂದಿ ತೇರ್ಗಡೆಯಾಗಿದ್ದರೆ ಸಂಖ್ಯೆಯು ಏರಿತು. ಪ್ರಮಾಣವು ನೂರಕ್ಕೆ ೭೫ರಿಂದ ೬೦ಕ್ಕೆ ಇಳಿಯಿತು. ಸಂಖ್ಯೆಗೂ ಪ್ರಮಾಣಕ್ಕೂ ಇರುವ ಈ ಭೇದವನ್ನು ಪರೀಕ್ಷಕರು ಮತ್ತೆ ಮತ್ತೆ ಬಳಸುವರು. ಸಾಮಾನ್ಯವಾಗಿ ಈ ಬಗೆಯಲ್ಲಿ ಸರಿಯುತ್ತರವು ಸಪ್ಪೆಯಾದ, ಸಣ್ಣದಾದ ಮಾತಾಗಿರುತ್ತದೆ. ದೊಡ್ಡ ಮಾತಿಗೆ ದೊಡ್ಡ ಆಧಾರ ಬೇಕಾಗುವುದಷ್ಟೆ.

ಮೂರನೆಯದು: ವಾದಿಯು ಹೇಳದೆಯೇ ಒಪ್ಪಿಕೊಂಡಿರುವುದು ಯಾವುದು? ಹೇತುವಿನಿಂದ ನಿಗಮನಕ್ಕೆ ಹಾರುವಾಗ ನಡುವೆ ಕಾಣದಂತೆ ಇಟ್ಟ ಹಲಗೆಯನ್ನು ಇಲ್ಲಿ ಹುಡುಕಬೇಕು. ಇದಕ್ಕೆ ಒಂದು ಒಳ್ಳೆಯ ಉಪಾಯವುಂಟು: ವಿಕಲ್ಪವನ್ನು ನಿಷೇಧಿಸಿ ನೋಡುವುದು. “ಕೆಲವು ವಿದ್ಯಾರ್ಥಿಗಳಾದರೂ ರಾತ್ರಿ ವಾಚನಾಲಯದಿಂದ ಪ್ರಯೋಜನ ಪಡೆದರು” ಎಂಬುದನ್ನು ನಿಷೇಧಿಸಿ, ‘ಒಬ್ಬ ವಿದ್ಯಾರ್ಥಿಯೂ ಪಡೆಯಲಿಲ್ಲ’ ಎಂದಿಟ್ಟುಕೊಂಡರೆ ವಾದವು ಕುಸಿದುಬೀಳುತ್ತದೆ. ಆದುದರಿಂದ ಅದು ವಾದಕ್ಕೆ ಬೇಕಾದ ಹಲಗೆಯೇ. “ಎಲ್ಲ ವಿದ್ಯಾರ್ಥಿಗಳೂ ಪ್ರಯೋಜನ ಪಡೆದರು” ಎಂಬುದನ್ನು ನಿಷೇಧಿಸಿದರೆ, ‘ಎಲ್ಲರೂ ಪಡೆಯಲಿಲ್ಲ, ಕೆಲವರು ಪಡೆದಿರಬಹುದು’ ಎಂದಾಗುವುದು. ವಾದವು ಇನ್ನೂ ನಿಂತೇ ಇರುತ್ತದೆ. ಆದುದರಿಂದ ಅದು ಬೇಕಾದುದಲ್ಲ, ಬೇಕಾದುದಕ್ಕಿಂತ ಹೆಚ್ಚಿನದು.

ನಾಲ್ಕನೆಯದು ಮತ್ತು ಐದನೆಯದು ಜೋಡಿ: ವಾದಕ್ಕೆ ಬಲ ಕೊಡುವುದು ಯಾವುದು, ಭಂಗ ತರುವುದು ಯಾವುದು? ಈ ಪ್ರಶ್ನೆಗಳಲ್ಲಿ ಬಹುಶಃ ‘ಇಫ್ ಟ್ರೂ’, ಎಂದರೆ ‘ನಿಜವೆಂದು ಇಟ್ಟುಕೊಂಡರೆ’, ಎಂಬ ಎರಡು ಪದಗಳು ಇರುತ್ತವೆ. ಆ ಎರಡು ಪದಗಳಿಂದ ವ್ಯವಹಾರವು ತಲೆಕೆಳಗಾಗುತ್ತದೆ. ಈಗ ವಿಕಲ್ಪವನ್ನು ನಂಬಬೇಕು; ‘ಇದು ಗದ್ಯಭಾಗದಲ್ಲಿ ಎಲ್ಲಿದೆ?’ ಎಂದು ಕೇಳಬಾರದು. “ಅದೇ ವರ್ಷ ಆ ಶಾಲೆಗೆ ಗಣಿತದ ಹೊಸ ಉಪಾಧ್ಯಾಯರು ಬಂದರು” ಎಂದರೆ ಭಂಗ. ಏಕೆಂದರೆ ಬೇರೆ ಕಾರಣವೊಂದು ತಲೆಯೆತ್ತಿತು. “ಎಲ್ಲ ವಿಷಯಗಳಲ್ಲಿಯೂ ಸಮನಾದ ಪಕ್ಕದ ಊರಿನಲ್ಲಿ ವಾಚನಾಲಯವಿರಲಿಲ್ಲ, ತೇರ್ಗಡೆಯೂ ಹೆಚ್ಚಲಿಲ್ಲ” ಎಂದರೆ ಬಲ. ಬಲ ಕೊಡುವುದೆಂದರೆ ಸಿದ್ಧಪಡಿಸುವುದಲ್ಲ, ಭಂಗವೆಂದರೆ ನಾಶಮಾಡುವುದಲ್ಲ. ತಕ್ಕಡಿಯ ತಟ್ಟೆಯು ಸ್ವಲ್ಪ ಅಲುಗಿದರೂ ಸಾಕು. ನನ್ನ ನೆರೆಯ ಹುಡುಗಿಯು ತಪ್ಪಿದುದು ಹೆಚ್ಚಾಗಿ ಇಲ್ಲಿಯೇ. ‘ಗದ್ಯಭಾಗದ ಹೊರಗಿನದನ್ನು ತರಬೇಡ’ ಎಂದು ತರಗತಿಯಲ್ಲಿ ಹೇಳಿದುದನ್ನು ಆಕೆ ಎಲ್ಲ ಪ್ರಶ್ನೆಗಳಿಗೂ ಅನ್ವಯಿಸಿ, ಹೊರಗಿನಿಂದ ಬರಬೇಕಾದುದನ್ನೂ ಬಾಗಿಲಲ್ಲಿಯೇ ತಡೆದು ನಿಲ್ಲಿಸುತ್ತಿದ್ದಳು. ಎರಡನೆಯ ಬಗೆಗೆ ಸರಿಯಾದ ನಿಯಮವು ನಾಲ್ಕನೆಯ ಮತ್ತು ಐದನೆಯ ಬಗೆಗಳಿಗೆ ಸಲ್ಲದು.

ಆರನೆಯದು: ವಾದದಲ್ಲಿ ದೋಷವೇನು? ಇದು ನಮ್ಮವರು ಹೇತ್ವಾಭಾಸವೆಂದು ಕರೆದ ವಿಷಯಕ್ಕೆ ಹತ್ತಿರದ್ದು. ಒಂದರ ತರುವಾಯ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಇಲ್ಲಿ ಭಾವಿಸಿದೆ. ಕಾಗೆಯು ಬಂದು ಕುಳಿತೊಡನೆ ತಾಳೆಯ ಹಣ್ಣು ಬಿದ್ದಿತೆಂಬ ಕಾಕತಾಳೀಯವು ಕನ್ನಡಿಗರಿಗೆಲ್ಲ ತಿಳಿದುದೇ. ಪ್ರಶ್ನೆಯು ಕೇಳುವುದು ದೋಷದ ವರ್ಣನೆಯನ್ನು ಮಾತ್ರ. ನಿಗಮನವು ಸುಳ್ಳೆಂದು ಹೇಳುವ ವಿಕಲ್ಪವನ್ನು ಆರಿಸಬಾರದು. ವಾಚನಾಲಯವೇ ನಿಜವಾದ ಕಾರಣವಾಗಿದ್ದರೂ ಈ ವಾದವು ಅದನ್ನು ತೋರಿಸಿಕೊಟ್ಟಿಲ್ಲ.

ಏಳನೆಯದು: ಇದೇ ರೂಪದ ವಾದ ಯಾವುದು? ಇಲ್ಲಿ ವಿಷಯವನ್ನು ಮರೆತು ಆಕಾರವನ್ನು ನೋಡಬೇಕು. ಗ್ರಂಥಾಲಯ, ಪುಸ್ತಕ, ವಿದ್ಯಾರ್ಥಿ ಎಂಬ ಮಾತುಗಳಿರುವ ವಿಕಲ್ಪವು ಹುಡುಗರನ್ನು ಕೈಬೀಸಿ ಕರೆಯುತ್ತದೆ. ಆದರೆ ಸರಿಯಾದುದು, “ಅಜ್ಜಿಯು ಹೊಸ ಕನ್ನಡಕವನ್ನು ಹಾಕಿಕೊಂಡ ಮೇಲೆ ಹಸುವು ಹೆಚ್ಚು ಹಾಲು ಕೊಟ್ಟಿತು, ಆದುದರಿಂದ ಕನ್ನಡಕವೇ ಕಾರಣ” ಎಂಬುದಾಗಿರಬಹುದು. ಕೇಳಿ ನಗು ಬಂದರೂ ಆಕಾರವು ಅದೇ.

ಎಂಟನೆಯದು: ವಿರೋಧವು ಪರಿಹಾರವಾಗುವುದು ಹೇಗೆ? ವಾಚನಾಲಯಕ್ಕೆ ಬರುವವರು ಇಮ್ಮಡಿಯಾದರು, ಎರವಲು ಹೋಗುವ ಪುಸ್ತಕಗಳು ಕಡಿಮೆಯಾದುವು ಎಂದಿರಲಿ. ಎರಡೂ ನಿಜವೆಂದು ಒಪ್ಪಿಕೊಂಡೇ ಸಮನ್ವಯ ಮಾಡಬೇಕು. ಒಂದನ್ನು ಸುಳ್ಳೆನ್ನುವ ವಿಕಲ್ಪವು ತಪ್ಪು. ಹೊಸದಾಗಿ ಬಂದವರು ತಮ್ಮ ಪಾಠಪುಸ್ತಕಗಳನ್ನೇ ತಂದು ದೀಪದ ಬೆಳಕಿಗಾಗಿ ಕುಳಿತರು, ಮೊದಲು ಎರವಲು ಒಯ್ಯುತ್ತಿದ್ದವರು ಈಗ ಅಲ್ಲಿಯೇ ಓದಿ ಮುಗಿಸುತ್ತಾರೆ ಎಂದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಈ ಎಂಟರ ಜೊತೆಗೆ, ಹಲವು ಬಗೆಗಳಲ್ಲಿ ಹೊಕ್ಕು ಹೊರಡುವ ಒಂದು ಎಡರನ್ನೂ ಹೇಳಬೇಕು. ಹೊಗೆಯಿದ್ದ ಕಡೆಯಲ್ಲೆಲ್ಲ ಬೆಂಕಿಯಿದೆಯೆಂದ ಮಾತ್ರಕ್ಕೆ ಬೆಂಕಿಯಿದ್ದ ಕಡೆಯಲ್ಲೆಲ್ಲ ಹೊಗೆಯಿದೆಯೆಂದು ಆಗುವುದಿಲ್ಲ. ತಾರ್ಕಿಕರು ಇದಕ್ಕೆ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ತೋರಿಸುವರು: ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಹೊರಡಬೇಕಾದರೆ ಹಸಿ ಸೌದೆಯ ಸಂಬಂಧವೂ ಬೇಕು. ಈ ಮರೆಯ ನಿಬಂಧನೆಗೆ ಅವರು ಉಪಾಧಿಯೆಂದು ಹೆಸರಿಟ್ಟರು. ಸೌದೆಯ ಒಲೆಯನ್ನು ಊದಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾತನ್ನು ಹಾಗೆ ತಿರುಗಿಸಬಾರದು. ಆದರೆ ನಿಷೇಧಿಸಿ ತಿರುಗಿಸಬಹುದು: ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯಿಲ್ಲ. “ಬಹುಮಾನ ಪಡೆದವರೆಲ್ಲರೂ ಪ್ರಬಂಧ ಬರೆದವರು” ಎಂದರೆ, ಬರೆಯದವನಿಗೆ ಬಹುಮಾನವಿಲ್ಲವೆಂದು ಫಲಿಸುವುದು. ಬರೆದವರೆಲ್ಲರಿಗೂ ಬಹುಮಾನ ಬಂದಿತೆಂದು ಫಲಿಸದು.

ಇಷ್ಟು ಸಾಮ್ಯವನ್ನು ಕಂಡು, ಇದೆಲ್ಲವೂ ನಮ್ಮ ನ್ಯಾಯಶಾಸ್ತ್ರದಲ್ಲಿಯೇ ಇದೆ, ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವನಿಗೆ ಈ ಪರೀಕ್ಷೆಯು ಲೀಲೆ ಎಂದು ಯಾರಾದರೂ ಹೆಮ್ಮೆಪಟ್ಟರೆ ನಾನು ಒಪ್ಪಲಾರೆ. ಎರಡಕ್ಕೂ ಗುರಿಯು ಬೇರೆ. ನ್ಯಾಯಶಾಸ್ತ್ರವು ಬಯಸುವುದು ಯಥಾರ್ಥವಾದ ಜ್ಞಾನವನ್ನು. ಅಲ್ಲಿ ಹೇತುವು ಪಕ್ಷದಲ್ಲಿ ನಿಜವಾಗಿಯೂ ಇರಬೇಕು. ಇಲ್ಲದಿದ್ದರೆ ಅದು ಅಸಿದ್ಧ. ಬೆಂಕಿಯು ತಣ್ಣಗಿದೆಯೆಂದು ಯಾವನಾದರೂ ಸಾಧಿಸಹೊರಟರೆ, ಮುಟ್ಟಿದವನ ಕೈಯೇ ಅದನ್ನು ಅಲ್ಲಗಳೆಯುವುದು. ಅಂತಹ ಹೇತುವು ಬಾಧಿತ. ಪರೀಕ್ಷೆಯಲ್ಲಾದರೋ ‘ಬೆಂಕಿಯು ತಣ್ಣಗಿದೆ’ ಎಂದು ಗದ್ಯಭಾಗವು ಹೇಳಿದರೆ ಅದನ್ನು ಒಪ್ಪಿ, ಹಾಗಾದರೆ ಮುಂದೆ ಏನು ಫಲಿಸುವುದೆಂದು ನೋಡಬೇಕು. ಆದುದರಿಂದ ಬಹಳ ತಿಳಿದವರೇ ಕೆಲವೊಮ್ಮೆ ಈ ಪರೀಕ್ಷೆಯಲ್ಲಿ ಎಡವುವರು. ತಿಳಿದುದನ್ನು ಎರಡು ಗಂಟೆಗಳ ಮಟ್ಟಿಗೆ ಬದಿಗಿಡಲಾರರು.

ಇನ್ನು ಅಭ್ಯಾಸದ ಕ್ರಮ. ಗದ್ಯಭಾಗದ ಕೆಳಗಿರುವ ಪ್ರಶ್ನೆಗಳನ್ನು ಮೊದಲು ಒಮ್ಮೆ ಕಣ್ಣಾಡಿಸಿ, ಪ್ರತಿಯೊಂದರ ಪಕ್ಕದಲ್ಲಿಯೂ ಅದರ ಬಗೆಯನ್ನು ಒಂದೇ ಮಾತಿನಲ್ಲಿ ಬರೆಯುವಂತೆ ಆ ಹುಡುಗಿಗೆ ಹೇಳಿದೆ. ಪರೀಕ್ಷೆಯು ಇಂಗ್ಲಿಷಿನಲ್ಲಿದ್ದರೇನು, ಅಂಚಿನಲ್ಲಿ ಬರೆಯುವ ಮಾತು ಕನ್ನಡವಾಗಬಹುದಷ್ಟೆ. ಸಾರ, ಫಲ, ಹಲಗೆ, ಬಲ, ಭಂಗ, ದೋಷ, ರೂಪ, ಸಮನ್ವಯ ಎಂಬ ಎಂಟು ಮಾತುಗಳನ್ನು ಗೊತ್ತುಮಾಡಿಕೊಂಡೆವು. ಆಮೇಲೆ ವಿಕಲ್ಪಗಳನ್ನು ನೋಡುವುದಕ್ಕೆ ಮುಂಚೆ, ಉತ್ತರವು ಹೇಗಿರಬೇಕೆಂದು ತಾನೇ ಒಂದು ವಾಕ್ಯವನ್ನು ಹೇಳಿಕೊಳ್ಳಬೇಕು. ಮೊದಮೊದಲು ವೇಳೆಯು ಹೆಚ್ಚು ಹಿಡಿಯಿತು. ಆಕೆಗೆ ಬೇಸರವೂ ಬಂದಿತು. ಕೆಲವು ವಾರಗಳ ಮೇಲೆ ತಪ್ಪಾದ ಉತ್ತರವನ್ನು ನೋಡಿದಾಗ ‘ನನಗೆ ಬರುವುದಿಲ್ಲ’ ಎನ್ನುವುದನ್ನು ಬಿಟ್ಟು, ‘ಫಲವನ್ನು ಕೇಳಿದ್ದರು, ನಾನು ಬಲವನ್ನು ಕೊಟ್ಟೆ’ ಎನ್ನತೊಡಗಿದಳು. ಆಕೆಯ ಪರೀಕ್ಷೆಯು ಇನ್ನೂ ಮುಂದಿದೆ. ಸ್ಥಾನವು ದೊರೆಯುವುದೋ ಇಲ್ಲವೋ ನಾನು ಹೇಳಲಾರೆ. ಆದರೆ ತನ್ನನ್ನು ಕುರಿತು ಆಡಿಕೊಳ್ಳುವ ಮಾತು ಬದಲಾದುದೇ ಒಂದು ಲಾಭವೆಂದು ನಾನು ಎಣಿಸುತ್ತೇನೆ. ತಂದೆಯೂ ಕಂತಿನ ಹಣವನ್ನು ಕಟ್ಟದೆ, ಹಳೆಯ ಪ್ರಶ್ನಪತ್ರಿಕೆಗಳನ್ನು ತರಿಸಿಕೊಟ್ಟರು.

ಹಿರಿಯರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಪರೀಕ್ಷೆಯ ಅಭ್ಯಾಸವು ಗಟ್ಟಿಯಾದಷ್ಟೂ, ಕೊಟ್ಟ ಮಾತನ್ನು ಪ್ರಶ್ನಿಸದೆ ಒಪ್ಪುವ ರೂಢಿಯೂ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದು ನಿಯಮ. ಹೊರಗೆ ಅದು ಅಪಾಯ. ಮೊಬೈಲಿಗೆ ಬಂದ ಸುದ್ದಿ, ಚುನಾವಣೆಯ ಭಾಷಣ, ಔಷಧದ ಜಾಹೀರಾತು, ಮದುವೆಯ ಮಾತುಕತೆಯಲ್ಲಿ ಕೇಳಿದ ವದಂತಿ ಇವು ಯಾವುವೂ ನಂಬಿಯೇ ತೊಡಗಬೇಕಾದ ಗದ್ಯಭಾಗಗಳಲ್ಲ. ಅಲ್ಲಿ ಮೊದಲು ಕೇಳಬೇಕಾದುದು, ಹೇತುವು ಸಿದ್ಧವೇ, ಹೇಳಿದುದು ನಡೆದುದು ನಿಜವೇ ಎಂಬುದನ್ನು. ಅದಾದ ಮೇಲೆ ಉಳಿದ ಎಂಟು ಪ್ರಶ್ನೆಗಳು. ಕಾನೂನನ್ನು ಓದಹೊರಟವರಿಗಂತೂ ಇದು ಬಹಳ ಬೇಕಾದುದು. ನಾಳೆ ಇವರ ಮುಂದೆ ನಿಲ್ಲತಕ್ಕವರು ಮನುಷ್ಯರು, ವಿಕಲ್ಪಗಳಲ್ಲ.

ರಾತ್ರಿ ಊಟದ ಮೇಲೆ ಮನೆಯವರೆಲ್ಲರೂ ಕುಳಿತಿರುವಾಗ, ಆ ದಿನದ ಪತ್ರಿಕೆಯಿಂದ ಒಂದು ವಾದವನ್ನು ಆರಿಸಿ ಓದಿ, ಈ ಎಂಟರಲ್ಲಿ ಒಂದೊಂದನ್ನು ಒಬ್ಬೊಬ್ಬರು ಕೇಳಿ ನೋಡಿರಿ. ಹತ್ತು ನಿಮಿಷವಾದರೆ ಸಾಕು. ಮಗುವು ತಪ್ಪಿ ಹೇಳಿದಾಗ ಅದರ ಬುದ್ಧಿಯ ವಿಷಯವಾಗಿ ಏನೂ ಆಡದೆ, ‘ಕೇಳಿದುದು ಏನು?’ ಎಂದಷ್ಟೇ ಮತ್ತೊಮ್ಮೆ ಕೇಳಿರಿ. ಹೆಚ್ಚಾಗಿ ಅದು ತಾನಾಗಿಯೇ ಮಂದಾರವನ್ನು ಬಿಟ್ಟು ಮಾವಿನ ಕಡೆಗೆ ಬರುತ್ತದೆ.